ಕಾಲು ಇಳಿಬಿಡಲು ಜಾಗವಿಲ್ಲದ ಮನೆ

ಬಡವರ ಓಣಿಗಳನ್ನು ಉದ್ಧರಿಸಲು ಹೊರಟಿರುವ ಸೇವಾಸಂಸ್ಥೆಯ ಕಾರ್ಯದರ್ಶಿಗಳೇ,

ನಮ್ಮ ಓಣಿಯ ಪದ್ಮವ್ವನ ಬಾಗಿಲಿಗೆ ನಿಮ್ಮವರು ನೋಟೀಸು ಅಂಟಿಸಿ ಹೋಗಿದ್ದಾರೆ. ನೀವು ಕಟ್ಟಿಸಿಕೊಟ್ಟ ಮನೆಯ ಸಿಮೆಂಟು ನೆಲವನ್ನು ಆಕೆ ಒಡೆದು ಕುಣಿ ತೋಡಿದ್ದಾಳಂತೆ. ಬರುವ ಸೋಮವಾರದೊಳಗೆ ಅದನ್ನು ಮುಚ್ಚಬೇಕಂತೆ, ಇಲ್ಲದಿದ್ದರೆ ಮನೆ ಬಿಡಬೇಕಂತೆ. ಒಡೆದದ್ದು ನಿಜ. ಹಾರೆ ಕೊಟ್ಟವನು ನಾನೇ. ಇಳಕಲ್ಲಿನಲ್ಲಿ ಕುಣಿ ತೋಡುವುದು ಅಪರಾಧವಾದರೆ ನಮ್ಮ ಅಜ್ಜ ಮುತ್ತಜ್ಜಂದಿರೆಲ್ಲ ಜೈಲಿನಲ್ಲೇ ಸಾಯಬೇಕಿತ್ತು.

ತಮಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ನಮ್ಮದು ಕುಣಿಮಗ್ಗ. ಮಗ್ಗ ನೆಲದ ಮಟ್ಟದಲ್ಲಿರುತ್ತದೆ, ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಕೆಳಗಿನ ಹಲಗೆ ತುಳಿಯುತ್ತಾರೆ. ಕುಣಿ ಇಲ್ಲದಿದ್ದರೆ ಮಗ್ಗ ಬರೀ ಕಟ್ಟಿಗೆ. ಇಷ್ಟು ಸಣ್ಣ ಸಂಗತಿ ತಮ್ಮ ಎಂಜಿನಿಯರರ ಕಣ್ಣಿಗೆ ಏಕೆ ಬೀಳಲಿಲ್ಲ? ಅದರಲ್ಲಿ ನಮ್ಮವರ ಪಾಲೂ ಇದೆ. ಎಂಜಿನಿಯರರು ಟೇಪು ಹಿಡಿದು ಹಳೆಯ ಗುಡಿಸಲು ಅಳೆಯಲು ಬಂದಾಗ, ಮನೆಗೆ ಬಂದ ದೊಡ್ಡವರನ್ನು ತಗ್ಗಿನ ಪಕ್ಕದಲ್ಲಿ ನಿಲ್ಲಿಸುವುದು ಹೇಗೆಂದು ಪದ್ಮವ್ವ ಗಡಿಬಿಡಿಯಿಂದ ಕುಣಿಯ ಮೇಲೆ ಹಲಗೆ ಮುಚ್ಚಿ ಜಮಖಾನೆ ಹಾಸಿದಳು. "ಕುಂದರ್ರಿ ಸಾಹೇಬ್ರ, ಚಾ ಕುಡೀರಿ" ಅಂದಳು. ಅವರು ಕುಣಿಯ ಮೇಲೆಯೇ ಕೂತು ಚಹಾ ಕುಡಿದು, ಕುಣಿ ಇಲ್ಲದ ಮನೆಯ ನಕ್ಷೆ ಬರೆದುಕೊಂಡು ಹೋದರು. ಓಣಿಯ ಎಲ್ಲ ಮನೆಗಳಲ್ಲೂ ಇದೇ ಉಪಚಾರ ನಡೆಯಿತು. ನಮ್ಮವರದು ಮರ್ಯಾದೆಯ ತಪ್ಪು, ಒಪ್ಪುತ್ತೇನೆ. ಆದರೆ ನೇಕಾರರಿಗೆ ಮನೆ ಕಟ್ಟುವವರು, ನೇಯುವುದು ಹೇಗೆ ಎಂದು ಒಂದು ಮಾತು ಕೇಳಬಾರದಿತ್ತೇ?

ಮನೆಗಳು ಚೆಂದವೇ ಇವೆ, ಸುಳ್ಳು ಹೇಳಲಾರೆ. ಉದ್ಘಾಟನೆಯ ದಿನ ಅತಿಥಿಗಳ ಶ್ರೀಮತಿಯವರಿಗೆ ನಮ್ಮ ಕೈಯಿಂದಲೇ ಇಳಕಲ್ ಸೀರೆ ಕೊಡಿಸಿದಿರಿ, ಚಪ್ಪಾಳೆ ತಟ್ಟಿಸಿದಿರಿ. ಮರುದಿನದಿಂದ ಸೀರೆ ಎಲ್ಲಿ ನೇಯಬೇಕೆಂದು ಯಾರೂ ಹೇಳಲಿಲ್ಲ. ಪದ್ಮವ್ವ ಗಂಡನಿಲ್ಲದ ಹೆಂಗಸು, ಆಕೆಗೆ ಮಗ್ಗ ಬಿಟ್ಟರೆ ಬೇರೆ ಅನ್ನವಿಲ್ಲ. ಇಟ್ಟಿಗೆ ಪೇರಿಸಿ ಮಗ್ಗ ಎತ್ತರಿಸಿ ನೋಡಿದಳು. ಅದು ಅಲ್ಲಾಡಿ ಎಳೆಗಳು ಪಟಪಟ ಹರಿದವು. ಮಳೆಗಾಲವೆಲ್ಲ ಬೇರೆ ಓಣಿಯವರ ಮನೆಯಲ್ಲಿ ನೂಲು ಸುತ್ತಿ ಹೊಟ್ಟೆ ಹೊರೆದಳು. ಕೊನೆಗೆ ನನ್ನ ಹತ್ತಿರ ಹಾರೆ ಕೇಳಿದಳು.

ನೋಟೀಸು ತಂದ ತಮ್ಮ ಮೇಲ್ವಿಚಾರಕರು, "ಇದು ವಾಸದ ಮನೆ, ಕಾರ್ಖಾನೆಯಲ್ಲ" ಎಂದು ಗದರಿದರು.

"ನಮಗ ಎರಡೂ ಒಂದರಿ," ಎಂದಳು ಪದ್ಮವ್ವ. "ನೆಲಾ ಗಟ್ಟಿ ಮಾಡಿ ಕೊಟ್ರಿ, ಭಾಳ ಚಲೋ ಆತು. ನಾ ಕಾಲ ಎಲ್ಲಿ ಇಳಿಬಿಡ್ಲಿ, ಅದನ್ನಷ್ಟ ಹೇಳ್ರಿ."

ಅದಕ್ಕೆ ಅವರು, ನೆಲ ಸಂಸ್ಥೆಯ ಆಸ್ತಿ ಎಂದರು. ಹಾಗಾದರೆ ಆಕೆಗೆ ಕೊಟ್ಟದ್ದು ಏನು ಸ್ವಾಮಿ, ಬರೀ ಗೋಡೆಯೇ? ಈ ಮಾತು ಬರೆಯುವಾಗ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗುತ್ತಿದೆ. ಈಗ ಆಕೆಯ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿದೆ. ಸೋಮವಾರ ಮಗ್ಗ ಕಿತ್ತರೆ ಅದನ್ನು ಕತ್ತರಿಸಬೇಕಾಗುತ್ತದೆ.

ನೋಟೀಸು ವಾಪಸು ಪಡೆಯಿರಿ. ಪ್ರತಿ ಮನೆಯಲ್ಲೂ ಒಂದು ಕುಣಿಗೆ ಅಪ್ಪಣೆ ಕೊಡಿ. ಅದು ತಮ್ಮ ನಿಯಮಕ್ಕೆ ಒಗ್ಗದಿದ್ದರೆ ಪದ್ಮವ್ವನ ಹಳೆಯ ಗುಡಿಸಲನ್ನೇ ಆಕೆಗೆ ತಿರುಗಿ ಕೊಟ್ಟುಬಿಡಿ. ಅದು ಸೋರುತ್ತಿತ್ತು, ನಿಜ. ಆದರೆ ಅಲ್ಲಿ ಕೂತು ದುಡಿದು ಉಣ್ಣುತ್ತಿದ್ದಳು.

ಇಂತಿ,
ತಮ್ಮಿಂದ ಉದ್ಧಾರವಾಗಿ ಕೈಕಟ್ಟಿ ಕೂತಿರುವ
ನೇಕಾರ ಅಂದಾನಪ್ಪ
ಇಳಕಲ್, 1984