ತೃಷಾ ಮಾತಾಡಿದ ದಿನ

ಈಶ್ವರಮಂಗಲ
೧೨ ಜುಲೈ ೨೦೨೫, ಶನಿವಾರ

ಪ್ರೀತಿಯ ವಸುಮತಿ,

ನಿನ್ನ ಅಭಿನಂದನೆ ಮೊನ್ನೆಯೇ ಮೊಬೈಲಿಗೆ ಬಂತು. ಚಪ್ಪಾಳೆಯ ಚಿತ್ರಗಳನ್ನು ಸಾಲಾಗಿ ಕಳಿಸಿದ್ದೆ. ಪುತ್ತೂರಿನ ತರಬೇತಿಯಲ್ಲಿ ನಮ್ಮ ಹೆಡ್‌ಮಾಸ್ಟ್ರು ಮಹೇಶ್ವರ ಭಟ್ಟರು ನನ್ನ ತರಗತಿಯ ಕಥೆ ಹೇಳಿದರಂತೆ: ಟ್ಯಾಬ್ ತೆಗೆದಿಟ್ಟದ್ದೇ ತಡ, ಮಾತೇ ಆಡದ ಹುಡುಗಿ ಮಾತಾಡಿದಳು ಎಂದು. ಆಲಂಕಾರಿನ ನಿನ್ನ ಕ್ಲಾಸಿನಲ್ಲೂ ಅಂಥದೇ ಒಂದು ಮಗುವಿದೆ, ಅದಕ್ಕೂ ಹಾಗೆಯೇ ಮಾಡಿ ನೋಡುತ್ತೇನೆ ಎಂದು ಬರೆದಿದ್ದೀಯ. ದಯವಿಟ್ಟು ಸ್ವಲ್ಪ ತಾಳು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ನಡೆದದ್ದು ಅದೇನಾ ಎಂದು ಕೇಳಿದರೆ ನನಗೇ ಗೊತ್ತಾಗುತ್ತಿಲ್ಲ.

ತೃಷಾ ಐದನೆಯ ಕ್ಲಾಸು. ಒಂದನೆಯ ಕ್ಲಾಸಿನಿಂದ ಶಾಲೆಯಲ್ಲಿ ಒಂದು ಮಾತೂ ಆಡಿದವಳಲ್ಲ. ಬರೆಯುತ್ತಾಳೆ, ಲೆಕ್ಕ ಮಾಡುತ್ತಾಳೆ, ಹಾಜರಿ ಕರೆದರೆ ಕೈ ಎತ್ತುತ್ತಾಳೆ, ಅಷ್ಟೇ. ಮನೆಯಲ್ಲಿ ತುಳುವಿನಲ್ಲಿ ಬಾಯಿಗೆ ಬಿಡುವಿಲ್ಲದಷ್ಟು ಮಾತು. "ಗೇಟು ದಾಟಿದ್ರೆ ಇವಳಿಗೆ ಎಂತ ಆಗ್ತದೋ ಗೊತ್ತಿಲ್ಲ ಟೀಚರ್" ಎಂದು ಅವಳಮ್ಮ ಎಷ್ಟೋ ಸಲ ಕಣ್ಣೀರು ಹಾಕಿದ್ದುಂಟು. ಪುತ್ತೂರಿನ ಡಾಕ್ಟರು ನಾಲಗೆಗೆ, ಕಿವಿಗೆ ಏನೂ ತೊಂದರೆಯಿಲ್ಲ, ಇದು ಹೆದರಿಕೆ, ಒತ್ತಾಯ ಮಾಡಬೇಡಿ ಎಂದಿದ್ದರು. ಅದಕ್ಕೆ ಮೊದಲು ಬೇರೆ ಟೀಚರುಗಳು ಮಾಡಿದ್ದುಂಟು; ನಾನು ಮಾಡಲಿಲ್ಲ.

ಕಳೆದ ವರ್ಷ ಹಳೆ ವಿದ್ಯಾರ್ಥಿಗಳು ಶಾಲೆಗೆ ಟ್ಯಾಬ್‌ಗಳನ್ನು ಕೊಟ್ಟರು. ಅದರಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಆ್ಯಪ್ ಒಂದಿತ್ತು. ಸುಮ್ಮನೆ ಅವಳ ಕೈಗೆ ಕೊಟ್ಟೆ. ಒಂದು ದಿನ ನೀರು ಆವಿಯಾಗುವ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನಿಂದ ಬಸ್‌ಸ್ಟ್ಯಾಂಡಿನ ಅನೌನ್ಸ್‌ಮೆಂಟಿನಂಥ ದನಿ ಬಂತು: "ನಮ್ಮ ಬಾವಿಗೆ ಬಿಸಿಲು ಬೀಳುದಿಲ್ಲ. ಅದರ ನೀರೂ ಸಾ ಆವಿ ಆಗ್ತದಾ?" ಕ್ಲಾಸು ಗೊಳ್ಳೆಂದಿತು. ಆದರೆ ಮುಂದಿನ ಬೆಂಚಿನ ಯತಿನ್ ತಿರುಗಿ, "ಒಳ್ಳೆ ಪ್ರಶ್ನೆ ಮಾರಾಯ್ತಿ" ಎಂದ. ಆಮೇಲೆ ದಿನವೂ ಪ್ರಶ್ನೆ. ಜಗಳವೂ ಅದರಲ್ಲೇ. ಕರೆಂಟು ಹೋಗಿ ಚಾರ್ಜ್ ಮುಗಿದರೆ ಮಕ್ಕಳೇ ಬೇರೆ ಟ್ಯಾಬ್ ತಂದುಕೊಡುತ್ತಿದ್ದರು.

ಡಿ.ಎಡ್. ಮಾಡುವಾಗ ನಾವು ರಟ್ಟು, ಗೋಂದು ಹಿಡಿದು ಪಾಠೋಪಕರಣ ಮಾಡುತ್ತಿದ್ದೆವಲ್ಲ, ಅವುಗಳ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಂಡದ್ದಿಲ್ಲ. ರಟ್ಟಿನ ಗಡಿಯಾರ ತೆಗೆದಿಟ್ಟರೆ ಯಾವ ಮಗುವಿನ ಬಾಯಿಯೂ ಮುಚ್ಚುತ್ತಿರಲಿಲ್ಲ.

ಈ ಜೂನ್‌ನಲ್ಲಿ ಹೆಡ್‌ಮಾಸ್ಟ್ರು ಕರೆದು, "ಹೀಗೆ ಮಿಷಿನಿನಲ್ಲೇ ಮಾತಾಡಿಸಿದ್ರೆ ಹುಡುಗಿ ಇನ್ನು ಬಾಯಿ ಬಿಡ್ಲಿಕ್ಕೆ ಉಂಟಾ ಟೀಚರ್? ಸ್ವಲ್ಪ ದಿನ ತೆಗೆದಿಟ್ಟು ನೋಡುವ" ಎಂದರು. ಅವಳಮ್ಮನಿಗೂ ಅದೇ ಭಯ. "ಕೊನೆಗೆ ಇದುವೇ ಇವಳ ಸ್ವರ ಅಂತ ಆದ್ರೆ?" ಎಂದರು. ನನಗೂ ಒಳಗೊಳಗೆ ಹಾಗೆ ಅನ್ನಿಸಿತ್ತು, ವಸು. ತಪ್ಪನ್ನು ಅವರ ಮೇಲೆ ಹಾಕುವುದಿಲ್ಲ. ಸೋಮವಾರ ಟ್ಯಾಬನ್ನು ಆಫೀಸಿನ ಕಪಾಟಿನಲ್ಲಿಟ್ಟೆ. ತೃಷಾ ಬಂದವಳು ಖಾಲಿ ಡೆಸ್ಕ್ ನೋಡಿದಳು, ನನ್ನನ್ನು ನೋಡಿದಳು. "ಸ್ವಲ್ಪ ದಿನ ಅದಿಲ್ಲದೆ ನೋಡುವ, ಆಯ್ತಾ?" ಎಂದೆ.

ಬುಧವಾರ ಭಿನ್ನರಾಶಿಯ ಪಾಠ. ಅವಳಿಗೆ ಚೆನ್ನಾಗಿ ಗೊತ್ತಿರುವುದನ್ನೇ ಅವಳಲ್ಲಿ ಕೇಳಿದೆ. ಕೇಳಿ, ಕಾದೆ. ಬೇರೆಯವರು ಕೈ ಎತ್ತಿದರೂ ಬಿಡಲಿಲ್ಲ. ತೃಷಾ ಎದ್ದು ನಿಂತಳು.

"ನೀವೂ ಸಾ ಹಾಗೆಯಾ ಟೀಚರ್?"

ಸ್ವಲ್ಪ ದಪ್ಪ ದನಿ, ನಾನು ಅಂದುಕೊಂಡ ಹಾಗೆ ಇರಲೇ ಇಲ್ಲ. ಅಷ್ಟರಲ್ಲಿ ಯತಿನ್ "ತೃಷಾ ಮಾತಾಡಿದ್ಳು!" ಎಂದು ಕೂಗಿದ. ಎಲ್ಲರೂ ಚಪ್ಪಾಳೆ ಹೊಡೆದರು. ಪಕ್ಕದ ಕ್ಲಾಸಿನವರೂ ಓಡಿ ಬಂದರು. ಹೆಡ್‌ಮಾಸ್ಟ್ರು ಅಂಗಡಿಯಿಂದ ಮಿಠಾಯಿ ತರಿಸಿ ಹಂಚಿದರು. ನಾನೂ ಚಪ್ಪಾಳೆ ಹೊಡೆದೆ. ಅವಳು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದಳು. ಖುಷಿಗೆ ನಾಚಿಕೊಂಡಳು ಎಂದರು ಎಲ್ಲರೂ. ಏನು ಹೇಳಿದಳು ಎಂದು ಹೆಡ್‌ಮಾಸ್ಟ್ರು ಕೇಳಿದಾಗ, "ಟೀಚರ್ ಅಂದಳು" ಎಂದೆ. ಅವರು ತರಬೇತಿಯಲ್ಲಿ ಹೇಳಿದ್ದೂ ಅಷ್ಟನ್ನೇ.

ಮರುದಿನ ನಾನು ಟ್ಯಾಬ್ ವಾಪಸು ಕೊಟ್ಟೆ. "ಈಗ ಕೊಟ್ರೆ ಮಾಡಿದ್ದೆಲ್ಲ ಹಾಳು" ಎಂದು ಹೆಡ್‌ಮಾಸ್ಟ್ರಿಗೆ ಸಿಟ್ಟು ಬಂತು. ಅಮ್ಮನೂ ಫೋನು ಮಾಡಿ, "ಸ್ವರ ಬಂತಲ್ಲ ಟೀಚರ್, ಇನ್ನು ಎಂತಕ್ಕೆ ಅದು?" ಎಂದು ಅತ್ತರು. ಅವರಿಗೆ ಏನೆಂದು ಹೇಳಲಿ? ಟ್ಯಾಬಿನಲ್ಲಿ ಅವಳು ಬಾವಿಯ ಬಗ್ಗೆ ಕೇಳಿದಳು, ಯತಿನ್ ಹತ್ತಿರ ಜಗಳ ಆಡಿದಳು, ನಗಿಸಿದಳು. ಬಾಯಿಯಿಂದ ಬಂದದ್ದು ಆ ಒಂದೇ ಮಾತು, ಅದೂ ನೋವಿನಿಂದ. ಇವೆರಡರಲ್ಲಿ ಯಾವುದನ್ನು ಮಾತು ಎನ್ನುವುದು? ಡಾಕ್ಟರ ಮಾತು ನೆನಪಾದರೆ ನಾನು ಮಾಡಿದ್ದು ತಪ್ಪು ಅನ್ನಿಸುತ್ತದೆ. ಆ ದಪ್ಪ ದನಿ ನೆನಪಾದರೆ, ಅದನ್ನು ಇನ್ನೊಮ್ಮೆ ಕೇಳಬೇಕು ಎಂದು ಆಸೆಯಾಗುತ್ತದೆ. ಆ ಆಸೆಗೇ ಹೆದರುತ್ತೇನೆ.

ನಿನ್ನ ಕ್ಲಾಸಿನ ಮಗುವಿಗೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ. ನಮ್ಮ ಕಥೆ ಕೇಳಿ ಮಾತ್ರ ಏನೂ ಮಾಡಬೇಡ.

ನಿನ್ನ
ಶಾಂಭವಿ

ತಾ.ಕ.: ಟ್ಯಾಬ್ ವಾಪಸು ಕೊಟ್ಟೆ ಎಂದು ಬರೆದೆನಲ್ಲ. ಕೊಟ್ಟದ್ದು ಹೌದು, ಅವಳ ಡೆಸ್ಕಿನ ಮೇಲೆ ಇಟ್ಟೆ. ಇವತ್ತಿನವರೆಗೂ ಅವಳು ಅದನ್ನು ಮುಟ್ಟಿಲ್ಲ. ಪುಸ್ತಕ ಇಡಲು ಜಾಗ ಬೇಕಾದಾಗ ಮೊಣಕೈಯಿಂದ ಆಚೆ ಸರಿಸುತ್ತಾಳೆ. ಸೋಮವಾರ ನಾನೇ ಅವಳ ಪಕ್ಕ ಕೂತು ಅವಳ ಹತ್ತಿರ ತಪ್ಪಾಯಿತು ಎನ್ನಬೇಕೆಂದಿದ್ದೇನೆ. ಟ್ಯಾಬಿನಲ್ಲಿ ಬರೆದು ಹೇಳಲಾ, ಬಾಯಿಂದಲೇ ಹೇಳಲಾ?