ನಲವತ್ತಮೂರು ಸಲ ಸಂಡೂರು

ಹೊಸಪೇಟೆ
೨೯ ಅಕ್ಟೋಬರ್ ೨೦೦೭, ಸೋಮವಾರ

ನನ್ನ ಮುದ್ದು ಅಪ್ಪನಿಗೆ,

ಗೆದ್ದುಬಿಟ್ಟೆ ಅಪ್ಪಾ, ಆ ಅದಿರು ರಸ್ತೆಯ ಗೇಟಿನ ಸುಂಕದ ಬಿಲ್ಲು ಇನ್ನು ನಿನ್ನ ಮನೆಗೆ ಬರುವುದಿಲ್ಲ, ಬಂದಿದ್ದ ಮೂರೂ ನಿನ್ನ ಹೆಸರಿನಿಂದ ರದ್ದು! ಮೊಹರು ಬಿದ್ದ ಕಾಗದ ನನ್ನ ಕೈಯಲ್ಲೇ ಇದೆ. ಬೆಳಗ್ಗೆಯಿಂದ ಅದನ್ನು ಎಷ್ಟು ಸಲ ಬಿಚ್ಚಿ ಮಡಿಚಿದ್ದೇನೆಂದರೆ ನಡುವೆ ಹರಿಯುವಂತಾಗಿದೆ. ಫೋನ್ ಮಾಡಬಹುದಿತ್ತು. ಮೂರು ಸಲ ಮಾಡಿದೆ ಕೂಡ. ನೀನು ಹಲೋ ಅಂದ ಕೂಡಲೇ ಅಮ್ಮನನ್ನು ಕೊಡು ಅಂದೆ, ಅವಳ ಹತ್ತಿರ ಹೋಳಿಗೆಯ ಮಾತಾಡಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನನ್ನ ಕಾನ್ವೆಂಟ್ ಕನ್ನಡದ ಮೇಲೆ ಕೆಂಪು ಪೆನ್ನು ಹಿಡಿಯಬೇಡ, ಈ ಸಲ ಮಾತ್ರ.

ಮೊದಲನೆಯ ಬಿಲ್ಲಿನ ಜೊತೆ ನೀನು ಬರೆದಿದ್ದ ಚೀಟಿ ಎಷ್ಟು ಚೆನ್ನಾಗಿತ್ತು: “ಸಂಡೂರು ಅಷ್ಟು ಸೊಗಸೇ? ಸುತ್ತಿ, ಸುತ್ತಿ. ನಾನು ಕಟ್ಟಿದ್ದೇನೆ.” ಎರಡನೆಯದರಲ್ಲಿ “ಮತ್ತೆ ಮೂವತ್ತೊಂದು ಸಲವೇ?” ಎಂದಷ್ಟೇ ಇತ್ತು. ಮೂರನೆಯದು ನನಗೆ ಬಾಯಿಪಾಠವಾಗಿದೆ: “ಒಂದೇ ತಿಂಗಳಲ್ಲಿ ನಲವತ್ತಮೂರು ಸಲ. ಅಳಿಯಂದಿರು ಅದಿರಿನ ವ್ಯವಹಾರಕ್ಕೆ ಇಳಿದಿದ್ದಾರೆಯೇ? ಹಬ್ಬಕ್ಕೆ ಬರುವ ಮೊದಲು ಇದಕ್ಕೆ ಉತ್ತರ ಬರೆ.” ಕೆಳಗೆ ಅಪ್ಪ ಅಂತಲೂ ಇರಲಿಲ್ಲ, ಬರೀ ಸಹಿ. ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ಮಗಳು ಅಳಿಯನನ್ನು ಹೀಗೆ ಯಾರಾದರೂ ಕರೆಯುತ್ತಾರಾ?

ಉತ್ತರ ಇಲ್ಲಿದೆ. ಆ ನಲವತ್ತಮೂರರಲ್ಲಿ ಒಂದು ಸಲವೂ ನಾವು ಹೋಗಿಲ್ಲ. ಹೋಗಲು ನಮ್ಮ ಹತ್ತಿರ ಕಾರೇ ಇಲ್ಲ. ಜುಲೈನಲ್ಲೇ ಮಾರಿಬಿಟ್ಟೆವು. ನೀನು ಕೊಟ್ಟ ಕಾರನ್ನೇ. ಹಣ ಬ್ಯಾಂಕಿನಲ್ಲಿದೆ, ಒಂದು ರೂಪಾಯಿಯನ್ನೂ ಮುಟ್ಟಿಲ್ಲ.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ನೀನೂ ಕುಡಿ.

ಮೊದಲ ತಿಂಗಳು ಆ ಕಾರಿನಲ್ಲಿ ನಾವು ಎಷ್ಟು ಮೆರೆದೆವು! ಹಂಪಿಗೆ ಪ್ರತಿ ಭಾನುವಾರ. ಆದರೆ ಸೋಮವಾರ ಬಂದರೆ ನಿನ್ನ ಅಳಿಯ ಅಕ್ಷೋಭ್ಯ ಅದನ್ನು ಟಿ.ಬಿ. ಡ್ಯಾಮಿನ ಕಾಲುವೆ ಆಫೀಸಿಗೆ ಒಯ್ಯಬೇಕಿತ್ತಲ್ಲ. ಮೊದಲ ದಿನವೇ ಕ್ಯಾಂಟೀನಿನ ಮೂಕಣ್ಣ, “ಯಾವ ಮೈನ್ ಹಿಡದ್ರಿ ಸಾಹೇಬ್ರ?” ಅಂದನಂತೆ. ಇವರು ನಕ್ಕು, ಮಾವನವರ ಉಡುಗೊರೆ ಅಂದರು. “ಹೌದ್ರಿ, ಎಲ್ಲಾರ್ಗೂ ಈಗ ಮಾವನೋರ ಕೊಡ್ತಾರ” ಎಂದು ಪಕ್ಕದವರೆಲ್ಲ ನಕ್ಕರಂತೆ. ಇಲ್ಲಿ ಹಾಗೆಯೇ ಅಪ್ಪಾ. ನಿನ್ನೆ ಸೈಕಲ್ ತುಳಿದವನು ಇವತ್ತು ದೊಡ್ಡ ಗಾಡಿ ತರುತ್ತಾನೆ, ಯಾರೂ ಹೇಗೆ ಎಂದು ಕೇಳುವುದಿಲ್ಲ, ಯಾವ ಗುಡ್ಡ ಎಂದು ಮಾತ್ರ ಕೇಳುತ್ತಾರೆ.

ಜೂನ್ ಕೊನೆಗೆ ಒಬ್ಬ ಗುತ್ತಿಗೆದಾರ ಹಿಂದಿನ ಸೀಟಿನಲ್ಲಿ ಪೇಡೆಯ ಡಬ್ಬಿ ಇಟ್ಟು ಹೋಗಿದ್ದ. ನಾನು ಪೆದ್ದಿ, ಮನೆಯಲ್ಲಿ ತೆರೆದು ಒಂದನ್ನು ಬಾಯಿಗೆ ಹಾಕಿಕೊಂಡೂ ಆಗಿತ್ತು. ಕೆಳಗೆ ನೋಟು. ಅಕ್ಷೋಭ್ಯ ಡಬ್ಬಿ ಎತ್ತಿಕೊಂಡು ಹೊರಟರು. ನಾನು ತಿಂದಿದ್ದರ ಬದಲು ಅಂಗಡಿಯಲ್ಲಿ ಒಂದೇ ಒಂದು ಪೇಡೆ ಕೊಂಡು, ಡಬ್ಬಿ ತುಂಬಿಸಿ, ಅವನ ಮನೆಗೇ ಹೋಗಿ ವಾಪಸು ಕೊಟ್ಟು ಬಂದರು. ಊಟಕ್ಕೆ ಏಳಲಿಲ್ಲ. “ನಾಕ ವರ್ಷ ಸೈಕಲ್ ಮ್ಯಾಲೆ ಹೋಗೀನಿ, ಒಬ್ಬನೂ ಹಿಂಗ ಮಾಡಿಲ್ಲ. ಈಗ ಮೊದ್ಲು ಕಾರ್ ನೋಡ್ತಾರ, ಆಮ್ಯಾಲೆ ನನ್ನ ಮುಖ ನೋಡ್ತಾರ” ಅಂದರು. ಮರುವಾರ ಕಾರು ಮಾರಿದೆವು. ಈಗ ಮತ್ತೆ ಸೈಕಲ್. ಕ್ಯಾರಿಯರ್ ಮೇಲೆ ನಾನು! ಅತ್ತೆ ತಲೆ ಚಚ್ಚಿಕೊಳ್ಳುತ್ತಾರೆ.

ಕೊಂಡವನು ಸಂಡೂರಿನ ಜಂಬುನಾಥ್. ಹೋದ ವರ್ಷದವರೆಗೆ ಟೈರ್ ಅಂಗಡಿ, ಈಗ ಅದಿರು ಲಾರಿಗಳ ಮಾಲಿಕ. ಕಾರು ಇವರ ಹೆಸರಿಗಾಗಲಿ ಎಂದು ಮದುವೆಯ ದಿನ ನೀನು ಸಹಿ ಹಾಕಿ ಕೊಟ್ಟಿದ್ದ ವರ್ಗಾವಣೆ ಕಾಗದಗಳು ಖಾಲಿಯೇ ಉಳಿದಿದ್ದವಲ್ಲ, ಅವನ್ನೇ ಅವನಿಗೆ ಕೊಟ್ಟೆವು. ಅವನು ತನ್ನ ಹೆಸರು ತುಂಬಿ ಆರ್‌ಟಿಓ ಆಫೀಸಿಗೆ ಕೊಡಬೇಕಿತ್ತು. ಕೊಡಲಿಲ್ಲ. ಗಣಿಯವರು ಸೇರಿ ಹಾಕಿಸಿದ ರಸ್ತೆಯ ಗೇಟಿನಲ್ಲಿ ಹೋದ ಬಂದ ಗಾಡಿಯ ನಂಬರು ಒತ್ತುತ್ತಾರೆ, ತಿಂಗಳ ಕೊನೆಗೆ ಕಂಪ್ಯೂಟರು ತಾನೇ ಮಾಲಿಕನ ವಿಳಾಸ ಹುಡುಕಿ ಬಿಲ್ಲು ಕಳಿಸುತ್ತದೆ. ಹಾಗೆ ಅವನ ಓಡಾಟವೆಲ್ಲ ಬಸವನಗುಡಿಯ ನಿನ್ನ ಮನೆಗೆ ಬಂತು.

ನಾನು ಎರಡು ಪುಟದ ಇಂಗ್ಲಿಷ್ ದೂರು ಬರೆದುಕೊಂಡು ಗೇಟಿಗೆ ಹೋದೆ. ಅಲ್ಲಿನ ಗುಮಾಸ್ತ ಹೊನ್ನೂರಸ್ವಾಮಿ ಎರಡೂ ಪುಟ ತಿರುವಿ, “ಮಸ್ತ್ ಬರದೀರ್ರಿ ಮೇಡಮ್, ಆದ್ರ ನಮ್ಮ ಕಂಪ್ಯೂಟರ್‌ಗೆ ನಂಬರ್ ಒಂದ ಗೊತ್ತು. ಹೆಸರು ಬದಲಾದ ಕಾಗದ ತರ್ರಿ, ನಾನ ನಿಂತು ಅಳಸ್ತೀನಿ” ಅಂದ. ಸಂಡೂರಿಗೆ ಎರಡು ಸಲ ಬಸ್ಸಿನಲ್ಲಿ ಹೋದೆ. ಜಂಬುನಾಥ್ ಇಲ್ಲ. ಎರಡು ಸಲವೂ ಅದಿರಿನ ಧೂಳಿಗೆ ನನ್ನ ಬಿಳಿ ದುಪಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಬಂತು. ಕೊನೆಗೆ ಕಂಪ್ಲಿಯಲ್ಲಿ, ಅವನ ಹೆಂಡತಿಯ ತವರಿನಲ್ಲಿ ಸಿಕ್ಕ. ಅಂಗಳದಲ್ಲಿ ನಮ್ಮ ಕಾರು! ನಂಬರ್ ಪ್ಲೇಟಿಗೆ ಕುಂಕುಮ, ಸೇವಂತಿಗೆ ಹಾರ. ಯಾರೂ ನೋಡುತ್ತಿಲ್ಲ ಎಂದುಕೊಂಡು ಅದರ ಬಾಗಿಲನ್ನು ಸವರಿದೆ.

“ಕುಂದ್ರಿ ಅಕ್ಕಾರ” ಎಂದು ಮಂಡಕ್ಕಿ ಕೊಟ್ಟು ಅವನು ಹೇಳಿದ್ದು ಕೇಳು. “ಈ ಕಾರ್ ಬಂದಾಗಿಂದ ಒಂದ್ ಲಾರಿ ಇದ್ದದ್ದು ನಾಕ್ ಆದ್ವು. ಜೋಯಿಸರು ಹೇಳ್ಯಾರ, ಎಲ್ಲಾ ಗೋಪೀನಾಥ ಅನ್ನೋ ಹೆಸರಿನ್ಯಾಗ ಐತಿ ಅಂತ. ಬಿಲ್ ಎಷ್ಟರ ಬರ್ಲಿ, ನಾ ಕಟ್ತೀನಿ. ಹೆಸರು ಮಾತ್ರ ತಗೀಬ್ಯಾಡ್ರಿ.” ನಿನ್ನ ಹೆಸರು, ಅಪ್ಪಾ! ಒಳಗಿನಿಂದ ಅವನ ಹೆಂಡತಿ ಶಿಲ್ಪಶ್ರೀ ಕೂಗಿದಳು, “ಹೆಸರು ಅವರಪ್ಪಂದು, ಗಳಿಕಿ ನಿಂದು. ನಾಚ್ಕಿ ಬರಂಗಿಲ್ಲೇನು?”

ಆಗ ನನಗೆ ಎಲ್ಲಿಂದ ಧೈರ್ಯ ಬಂತೋ. ನಿನ್ನ ಮೂರನೆಯ ಚೀಟಿ ತೆಗೆದು ಗಟ್ಟಿಯಾಗಿ ಓದಿದೆ. ಹೆಸರಿನಲ್ಲಿ ಅದೃಷ್ಟ ಇದ್ದರೆ ಹೆಸರಿನವರ ಸಿಟ್ಟೂ ಅದರಲ್ಲೇ ಇರುತ್ತದಲ್ಲವೇ, ನಿಮ್ಮ ಒಂದೊಂದು ಓಡಾಟಕ್ಕೂ ಅವರು ಅಲ್ಲಿ ಒಂದೊಂದು ನಿಟ್ಟುಸಿರು ಬಿಡುತ್ತಿದ್ದಾರೆ ಅಂದೆ. ಅವನು ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದ. “ಹಿರೇರು ನೊಂದುಕೊಂಡಾರ?” ಎಂದು ಕೇಳಿ, ಒಳಗೆ ಹೋಗಿ ದೇವರ ಪಟದ ಹಿಂದಿನಿಂದ ಕಾಗದ ತಂದು ನನ್ನೆದುರೇ ತುಂಬಿದ. ನೀನು ಕಟ್ಟಿದ್ದ ಹಣವನ್ನೂ ಕೊಟ್ಟ. ಶನಿವಾರ ಹೆಸರು ಬದಲಾಯಿತು, ಇವತ್ತು ಹೊನ್ನೂರಸ್ವಾಮಿ ನಿಂತೇ ನಿನ್ನ ಹೆಸರು ಅಳಿಸಿದ.

ಆ ಚೀಟಿಯನ್ನು ಜಂಬುನಾಥ್‌ಗೆ ಓದಿ ಹೇಳಿದೆನೇ ಹೊರತು ಅಕ್ಷೋಭ್ಯರಿಗೆ ತೋರಿಸಿಲ್ಲ. ಯಾವ ಮಾತಿಗೆ ಹೆದರಿ ಕಾರನ್ನೇ ಬಿಟ್ಟರೋ ಆ ಮಾತನ್ನು ನಿನ್ನ ಅಕ್ಷರದಲ್ಲಿ ಅವರು ಓದುವುದು ನನ್ನಿಂದ ನೋಡಲಾಗದು. ಬಿಲ್ಲು ತಪ್ಪಾಗಿ ಬಂದಿತ್ತು, ಸರಿಯಾಯಿತು, ಅಷ್ಟೇ ಅವರಿಗೆ ಗೊತ್ತು. ಟಿಕೆಟ್ ತೆಗೆಸಿದ್ದಾರೆ. ಹೊಸ ಅಂಗಿ ಹೊಲಿಸಿದ್ದಾರೆ, ದಿನಕ್ಕೆರಡು ಸಲ ಹಾಕಿ ನೋಡುತ್ತಾರೆ. ಬೇಡ ಅನ್ನಬೇಡ ಅಪ್ಪಾ.

ನಿನ್ನ ಸಿಟ್ಟಿಗೂ ಮುತ್ತು ಕೊಡುವ,
ಅರ್ಚಿತಾ

ತಾ.ಕ.: ಇದನ್ನು ಅಮ್ಮನಿಗೆ ಓದಬೇಡ. ಮಾರುವ ಮೊದಲು ಅಕ್ಷೋಭ್ಯ ಒಂದೇ ಷರತ್ತು ಹಾಕಿದ್ದರು, “ಮೊದ್ಲು ಮಾವನೋರನ್ನ ಕೇಳು, ಅವರು ಹೂಂ ಅಂದ್ರ ಮಾತ್ರ” ಅಂತ. ನಾನು ಕೇಳಲಿಲ್ಲ. ಕೇಳಿದೆ ಅಂದೆ. ಸುಮ್ಮನಿರದೆ, “ಕಾರು ಹೋದರೆ ಹೋಗಲಿ, ಇಂಥ ಅಳಿಯ ಸಿಕ್ಕನಲ್ಲ” ಎಂದು ನೀನು ಫೋನಿನಲ್ಲಿ ಅಂದೆ ಎಂದೂ ಸೇರಿಸಿದೆ. ಅವರು ಅದನ್ನು ಎರಡು ಸಲ ನನ್ನಿಂದ ಹೇಳಿಸಿಕೊಂಡರು. ಆಮೇಲೆ ಅದನ್ನು ಹೇಳದ ಮನುಷ್ಯನಿಲ್ಲ, ಕ್ಯಾಂಟೀನಿನವರಿಗೂ ಹೇಳಿದ್ದಾರೆ. ಹಬ್ಬಕ್ಕೆ ಬರುತ್ತಿರುವುದೇ ಆ ಮಾತಿಗಾಗಿ ನಿನ್ನ ಕಾಲು ಮುಟ್ಟಲು. ಒಂದು ಸಲ ನಿಜವಾಗಿಯೂ ಹೇಳಿಬಿಡು ಅಪ್ಪಾ. ಬಾಯಿಗೆ ಬರದಿದ್ದರೂ ಸ್ಟೇಷನ್ನಿಗೆ ಬಾ. ನವೆಂಬರ್ ಏಳು, ಬುಧವಾರ ಬೆಳಗ್ಗೆ, ಹಂಪಿ ಎಕ್ಸ್‌ಪ್ರೆಸ್.