ವರ್ಷಕ್ಕೆ ಎರಡು ಸಾಕ್ಷಿ

ಜನವರಿ 27, 1964

ಬರೀಬೇಕಂತೆ. ಮಗಳು ಕೊರೀನ್‌ಳ ಹುಕುಂ. ಯಾರು ಬಂದರು, ಹೇಗೆ ಹೆದರಿಸಿದರು, ಎಲ್ಲ ಬರೆದಿಡು ಅಪ್ಪ, ಕೋರ್ಟಿಗೆ ಬೇಕಾದೀತು ಅಂತ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಹೇಸರಗತ್ತೆಗೆ ಮೇವು ಹಾಕಲೋ, ಇದನ್ನು ಗೀಚುತ್ತ ಕೂರಲೋ?

ಸರಿ. ಬೇಲಿ ತಂತಿ ಕತ್ತರಿಸಿದ್ದಾರೆ. ಯಾಕೆಂದು ಗೊತ್ತು. ವೋಟಿಗೆ ಹೆಸರು ಹಾಕಿಸಲು ಹೋದವರ ಪಕ್ಕ, ಆಗಲೇ ಪಟ್ಟಿಯಲ್ಲಿರುವವನೊಬ್ಬ ನಿಂತು ‘ಇವರನ್ನು ಬಲ್ಲೆ’ ಅನ್ನಬೇಕು. ಬಿಳಿಯರು ನಮಗೆ ಸಾಕ್ಷಿ ನಿಲ್ಲುವುದಿಲ್ಲ. ಈ ಕೌಂಟಿಯ ಕಪ್ಪು ಜನರಲ್ಲಿ ಪಟ್ಟಿಯಲ್ಲಿರುವವನು ನಾನೊಬ್ಬನೇ. ಅದೂ ವರ್ಷಕ್ಕೆ ಇಬ್ಬರಿಗೆ ಮಾತ್ರ ನಿಲ್ಲಬಹುದು.

ಹೋದ ವಾರ ಪಾದ್ರಿಗೆ ನಿಂತೆ. ಅಲ್ಲಿ ಬರೆಸುವ ಪರೀಕ್ಷೆಯಲ್ಲಿ ತಾರೀಖು ತಪ್ಪು ಜಾಗದಲ್ಲಿ ಬರೆದನೆಂದು ಅಲ್ಲೇ ಫೇಲ್. ಅವನು ಫೇಲಾದರೂ ನನ್ನ ಸಾಕ್ಷಿ ಖರ್ಚು!

ಉಳಿದದ್ದು ಒಂದು.

ಜನವರಿ 30

ಟೀಚರ್ ಅರ್ನೆಸ್ಟೀನ್ ಬಂದಿದ್ದಳು. ಅವಳಿಗೇ ನಿಲ್ಲುತ್ತೇನೆ, ಓದಿದವಳು, ಪಾಸಾಗುತ್ತಾಳೆ ಅಂದೆ. ಹೆಂಡತಿ ಲವೀನಿಯಾ ಬಾಣಲೆ ಕುಕ್ಕಿದಳು.

“ಒಂದು ವರ್ಷದಿಂದ ಬಟ್ಟೆ ಒಗೀತಾ ಸಂವಿಧಾನ ಬಾಯಿಪಾಠ ಮಾಡಿದೀನಿ. ಇಷ್ಟು ವರ್ಷ ನನ್ ಜೊತೆ ಬಾಳಿ, ಇವಳನ್ನ ಬಲ್ಲೆ ಅನ್ನೋಕೆ ಬಾಯಿ ಬರಲ್ವಾ ಮುದುಕಾ?”

“ಫೇಲಾದ್ರೆ?”

“ಆದ್ರೆ ನಾನಾಗ್ತೀನಿ, ನೀನಲ್ಲ.”

ಅರ್ನೆಸ್ಟೀನ್ ನಕ್ಕಳು. “ನಂದು ಮುಂದಿನ ವರ್ಷ ಆಗ್ಲಿ ಯಜಮಾನ್ರೇ. ನಿಮ್ಗೆ ರಾತ್ರಿ ಊಟ ಸಿಗ್ಬೇಕಲ್ಲ.”

ಮೆಟ್ಟಿಲಿಳಿಯುವಾಗ ನಗುತ್ತಿರಲಿಲ್ಲ.

ಫೆಬ್ರವರಿ 3, ಸೋಮವಾರ

ವೋಟಿನ ಕಚೇರಿ. ಕುರ್ಚಿಯಲ್ಲಿದ್ದ ಬಿಳಿಯನಿಗೆ ನನ್ನ ಮೊಮ್ಮಗನ ವಯಸ್ಸು.

“ಲೋ ಜೂಬಲ್, ಇವಳು ಗೊತ್ತೇನೋ?”

“ನನ್ನ ಹೆಂಡ್ತಿ, ಸ್ವಾಮಿ.”

“ನಡತೆ ಹೇಗೆ?”

“ಕೋಪ ಜಾಸ್ತಿ. ಮಿಕ್ಕಿದ್ದೆಲ್ಲ ಚೆನ್ನಾಗಿದೆ.”

ಲವೀನಿಯಾ ನನ್ನ ಕಾಲು ತುಳಿದಳು. ಮಧ್ಯಾಹ್ನದವರೆಗೂ ಪರೀಕ್ಷೆ ಬರೆದಳು. ನಾನು ಗೋಡೆಗೊರಗಿ ಕಾದೆ. ಪಾದ್ರಿಗೆ ಅಲ್ಲೇ ಹೇಳಿದ್ದರು; ಇವಳ ಫಲಿತಾಂಶ ಅಂಚೆಯಲ್ಲಿ ಬರುತ್ತದಂತೆ.

ಹೊರಡುವಾಗ ಕುರ್ಚಿಯವನು ಅಂದ: “ನಿನ್ ಹೆಸರೂ ಒಂದ್ಸಲ ನೋಡ್ಬೇಕು ಕಣೋ. ಹಳೇ ಪಟ್ಟಿ ಅದು.”

ಫೆಬ್ರವರಿ 19

ಅಂಚೆ ಇಲ್ಲ. ಸಂಜೆ ಮನೆಯೆದುರಿನ ಪೆಕಾನ್ ಮರದ ಹತ್ತಿರ ಒಂದು ಟ್ರಕ್ಕು ನಿಂತಿತ್ತು. ಇಂಜಿನ್ ಆಫ್ ಮಾಡಲಿಲ್ಲ, ಯಾರೂ ಇಳಿಯಲಿಲ್ಲ. ಲವೀನಿಯಾ ದೀಪ ಆರಿಸಿದಳು. ಕತ್ತಲಲ್ಲೇ ಜೋಳದ ರೊಟ್ಟಿ ತಿಂದೆವು. ಅದು ಹೋದ ಮೇಲೂ ದೀಪ ಹಚ್ಚಲಿಲ್ಲ.

ಮಾರ್ಚ್ 2

ಕಚೇರಿಗೆ ಹೋದೆ.

“ಇನ್ನೂ ನೋಡ್ತಿದೀವಿ.”

“ಯಾರದ್ದು? ಅವಳದ್ದಾ, ನಂದಾ?”

“ಎರಡೂ.” ಕಿಟಕಿ ಮುಚ್ಚಿದ.

ಮಾರ್ಚ್ 9

ಇವತ್ತೂ ಅಂಚೆ ಇಲ್ಲ. ಲವೀನಿಯಾ ಸೊಪ್ಪು ಸೋಸುತ್ತಾ ಮೆಲ್ಲಗೆ ಅಂದಳು — ಅವಳು ಮೆಲ್ಲಗೆ ಮಾತಾಡಿದ್ದು ನಾನು ಕೇಳಿಯೇ ಇಲ್ಲ —

“ನನ್ನಿಂದ ನಿನ್ ಹೆಸರೂ ಹೋಗತ್ತೆ.”

“ಹೋದ್ರೆ ಹೋಗ್ಲಿ. ನೀನು ಪಾಸಾಗಿದ್ರೆ ನೀನೇ ಬಂದು ನನ್ ಪಕ್ಕ ನಿಲ್ಲು. ಇವನನ್ನ ಬಲ್ಲೆ ಅನ್ನು.”

“ನಡತೆ ಕೇಳಿದ್ರೆ?”

“ಸುಳ್ಳು ಹೇಳು.”

ನಕ್ಕಳು. ಆಮೇಲೆ ಏಪ್ರನ್ ಎತ್ತಿ ಮುಖ ಒರೆಸಿಕೊಂಡಳು.

ಸಾಕು. ಈ ಹಾಳೆಯ ಕೆಳಗಿನ ತುಂಡನ್ನು ಹರಿದು ಕಚೇರಿಗೆ ಕಳಿಸುತ್ತೇನೆ, ಇಷ್ಟು ಬರೆದು: ಲವೀನಿಯಾ ಟಾಲಿವರ್ ಪಾಸೋ ಫೇಲೋ? ಜೂಬಲ್ ಟಾಲಿವರ್ ಹೆಸರು ಪಟ್ಟಿಯಲ್ಲಿದೆಯೋ ಇಲ್ಲವೋ? ಮಾರ್ಚ್ 16, ಸೋಮವಾರದೊಳಗೆ ಉತ್ತರ ಬೇಕು.